ಉಳುಮೆಯಿಲ್ಲದೆ ಜೇಡಿಮಣ್ಣಿನಲ್ಲಿ ಕ್ಲೋವರ್: ನನ್ನ ಅನುಭವ

ಐರ್ಲೆಂಡಿನ ಉತ್ತರ ಕಾರ್ಕಿನ ಈ ಒದ್ದೆ ಜೇಡಿಮಣ್ಣಿನಲ್ಲಿ ಬಿಳಿ ಕ್ಲೋವರ್ (ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದು ಯೂರಿಯಾ ಉಳಿಸುವ ಮೇವಿನ ಗಿಡ) ನಿಲ್ಲುವುದಿಲ್ಲ ಎಂದು ನಮ್ಮ ಫಾರ್ಮಿನ ಯಜಮಾನರೂ ಹೇಳಿದ್ದರು, ಟ್ರ್ಯಾಕ್ಟರ್ ಕೆಲಸದ ಕಂಟ್ರಾಕ್ಟರೂ ಹೇಳಿದ್ದ. ಈಗ 100 ಹಸು ಮೇಯುವ ಸುಮಾರು 40 ಹೆಕ್ಟೇರಿನಲ್ಲಿ ಮುಕ್ಕಾಲು ಪಾಲು ನೆಲದಲ್ಲಿ ಕ್ಲೋವರ್ ಇದೆ, ಒಂದು ಪ್ಯಾಡಕ್ಕನ್ನೂ (ಬೇಲಿ ಹಾಕಿ ಬೇರ್ಪಡಿಸಿದ ಮೇವಿನ ಗದ್ದೆ) ಉಳುಮೆ ಮಾಡಿಲ್ಲ. ಇಲ್ಲಿನ ಡೈರಿಗಳಲ್ಲಿ ದುಡಿಯುವ ನಮ್ಮವರಿಗೆ ಉಪಯೋಗಕ್ಕೆ ಬರಲೆಂದು ಬರೆಯುತ್ತಿದ್ದೇನೆ.

2022ರಲ್ಲಿ ಯೂರಿಯಾ ಟನ್ನಿಗೆ 1000 ಯೂರೋ ಹತ್ತಿರ ಹೋದಾಗ ಕ್ಲೋವರ್ ಬಿಟ್ಟು ಬೇರೆ ದಾರಿ ಇರಲಿಲ್ಲ. ಮೊದಲ ಸಲ ಜೂನಿನಲ್ಲಿ, ಸೈಲೇಜಿಗೆ (ಹುದುಗಿಸಿ ಕೂಡಿಡುವ ಹಸಿಮೇವು) ಕೊಯ್ದ ಗದ್ದೆಯಲ್ಲಿ ಬೀಜ ಎರಚಿದೆವು. ಮೊಳಕೆ ಚೆನ್ನಾಗಿಯೇ ಬಂತು. ಆದರೆ ಅಭ್ಯಾಸಬಲದಿಂದ ಯೂರಿಯಾ ಹಾಕಿಬಿಟ್ಟೆವು. ಮೂರೇ ವಾರದಲ್ಲಿ ರೈಹುಲ್ಲು ಎದ್ದು ನೆರಳು ಕವಿದು ಸಸಿಯೆಲ್ಲ ಸತ್ತವು. ಎರಡನೇ ಸಲ ಆಗಸ್ಟ್ ಕೊನೆಗೆ ಬಿತ್ತಿದ್ದು ತಡವಾಯಿತು. ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ತಿಂದು ಉಳಿಸಿದ್ದನ್ನು ಚಳಿ ತೆಗೆದುಕೊಂಡಿತು. ಎರಡೂ ಸೇರಿ ಬೀಜಕ್ಕೇ 600 ಯೂರೋ ಮೇಲೆ ಹೋಯಿತು.

ಮೂರನೇ ಸಲ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಮಾಡಿದೆವು. ಮಣ್ಣಿನ ಪಿಎಚ್ 6.5 ಇದ್ದ, ರಂಜಕ ಪೊಟ್ಯಾಷ್ ಸರಿಯಿದ್ದ ಪ್ಯಾಡಕ್ಕುಗಳನ್ನು ಮಾತ್ರ ಆರಿಸಿದೆವು. ಡಾಕ್ ಕಳೆ ಇದ್ದದ್ದನ್ನು ಬಿಟ್ಟೆವು, ಏಕೆಂದರೆ ಆಮೇಲೆ ಹೊಡೆಯುವ ಬಹುಪಾಲು ಔಷಧಿ ಕ್ಲೋವರನ್ನೂ ಕೊಲ್ಲುತ್ತದೆ. ಹಸು 4 ಸೆಂಟಿಮೀಟರಿಗೆ ಬೋಳಾಗಿ ಮೇಯ್ದ ಮರುದಿನವೇ ಎಕರೆಗೆ 2 ಕಿಲೋ ಬೀಜ, 0-7-30 ಗೊಬ್ಬರಕ್ಕೆ (ಸಾರಜನಕವಿಲ್ಲದ ರಂಜಕ-ಪೊಟ್ಯಾಷ್) ಬೆರೆಸಿ ಸ್ಪ್ರೆಡರಿನಲ್ಲಿ, ಅಂದರೆ ಗೊಬ್ಬರ ಎರಚುವ ಯಂತ್ರದಲ್ಲಿ. ಒಂದೇ ಸಲಕ್ಕೆ ಅದರ ಹಾಪರ್ ತುಂಬಬೇಡಿ, ಅಲುಗಾಟಕ್ಕೆ ಸಣ್ಣ ಬೀಜ ತಳಕ್ಕಿಳಿದು ಗದ್ದೆಯ ಒಂದು ಮೂಲೆಗೇ ಬೀಳುತ್ತದೆ. ಎರಡು ಮೂರು ಎಕರೆಗಾಗುವಷ್ಟೇ ಬೆರೆಸಿ, ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ. ಬೆರೆಸುವ ಮೊದಲು ನಾನು ಮಾಡುವ ಕೆಲಸ ಇನ್ನೊಂದಿದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ. ಬಳಿಕ ರೋಲರ್, ಅದರ ಹಿಂದೆಯೇ ಎಕರೆಗೆ 2000 ಗ್ಯಾಲನ್ ತೆಳು ಸ್ಲರಿ (ಕೊಟ್ಟಿಗೆಯ ಸಗಣಿ-ಗಂಜಲದ ನೀರುಗೊಬ್ಬರ). ಖರ್ಚು ಎಕರೆಗೆ ಎಲ್ಲ ಸೇರಿ 60 ಯೂರೋ ಆಜುಬಾಜು. ಉತ್ತು ಪೂರ್ತಿ ಹೊಸದಾಗಿ ಬಿತ್ತಿದರೆ 400 ದಾಟುತ್ತದೆ.

ಬಿತ್ತನೆಗಿಂತ ಕಷ್ಟ ಅದರ ಮುಂದಿನ ಮೂರು ತಿಂಗಳು. ಯೂರಿಯಾ ಮುಟ್ಟಲೇಬಾರದು. ಹೆಕ್ಟೇರಿಗೆ 1100ರಿಂದ 1200 ಕಿಲೋ ಹುಲ್ಲು (ನೀರಿನಂಶ ಬಿಟ್ಟ ಒಣತೂಕದ ಲೆಕ್ಕದಲ್ಲಿ) ಬಂದ ಕೂಡಲೇ ಹಸು ಬಿಡಬೇಕು, ಎಂದಿನಂತೆ 1400ಕ್ಕೆ ಕಾದರೆ ಸಸಿಗೆ ಬೆಳಕು ಸಿಗದು. ಪ್ರತಿ ಸಲವೂ 4 ಸೆಂಟಿಮೀಟರಿಗೆ ಇಳಿಯಲೇಬೇಕು. ಆ ತಿಂಗಳುಗಳಲ್ಲಿ ಹುಲ್ಲು ಕಡಿಮೆ ಕಾಣುತ್ತದೆ, ಹಾಲು ಇಳಿದೀತೆಂದು ಮನೆಯವರಿಗೆ ದಿಗಿಲು. ಸೈಲೇಜ್ ಕೊಯ್ಲೂ ಹಸುಗಳಿಗೆ ಗಬ್ಬ ಕಟ್ಟಿಸುವುದೂ ಆಗಲೇ ಇರುವುದರಿಂದ ಹುಲ್ಲಿನ ಎತ್ತರ ಅಳೆಯುವ ಪ್ಲೇಟ್ ಮೀಟರ್ ಹಿಡಿದು ವಾರಕ್ಕೊಮ್ಮೆ ನಡೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆದರೂ ನಡೆಯಲೇಬೇಕು.

ಒದ್ದೆ ನೆಲದಲ್ಲಿ ಕ್ಲೋವರನ್ನು ಕೊಲ್ಲುವುದು ನೀರಿಗಿಂತ ಹೆಚ್ಚಾಗಿ ಗೊರಸು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಫೆಬ್ರವರಿಯಲ್ಲಿ ಕರು ಹಾಕಿದ ಹಸುಗಳನ್ನು ಇಡೀ ದಿನ ಹೊರಗೆ ಬಿಟ್ಟರೆ ನೆಲದ ಮೇಲೆ ಹರಡುವ ಕ್ಲೋವರಿನ ಹಂಬುಗಳು ಕೆಸರಿನಲ್ಲಿ ತುಂಡಾಗಿ ಕೊಳೆಯುತ್ತವೆ. ಎರಡೂ ಹೊತ್ತು ಹಾಲು ಕರೆದ ಮೇಲೆ 3 ಗಂಟೆ ಮಾತ್ರ ಮೇಯಿಸಿ ಕೊಟ್ಟಿಗೆಗೆ ತರುತ್ತೇವೆ. ಹಸಿದು ಹೋದ ಹಸು ಅಷ್ಟರಲ್ಲೇ ದಿನದ ಬಹುಪಾಲು ಮೇವು ಮುಗಿಸುತ್ತದೆ. ಮೇಯ್ದ ತುಂಡಿಗೆ ಹಸು ಮತ್ತೆ ಹೋಗದಂತೆ ಹಿಂಬದಿಗೂ ಕರೆಂಟ್ ತಂತಿ ಎಳೆಯಬೇಕು. ಶಾಲೆಯಿಂದ ಬಂದ ಮಕ್ಕಳು ಕರುಗಳಿಗೆ ಹಾಲು ಹಾಕುವ ಹೊತ್ತಿಗೆ ನಾವು ತಂತಿ ಸರಿಸುತ್ತಿರುತ್ತೇವೆ. ಸೇಂಟ್ ಪ್ಯಾಟ್ರಿಕ್ ದಿನಕ್ಕೆ (ಮಾರ್ಚ್ 17) ಜಮೀನಿನ ಮೂರರಲ್ಲಿ ಎರಡು ಪಾಲು ಮೇಯ್ದಾಗಿರಬೇಕೆಂಬ ಇಲ್ಲಿನ ಲೆಕ್ಕವನ್ನು ನಾವು ಹೀಗೆಯೇ ಮುಟ್ಟಿದ್ದು. ವಸಂತದಲ್ಲಿ ನೆಲ ತಣ್ಣಗಿರುವುದರಿಂದ ಕ್ಲೋವರ್ ಏನೂ ಕೊಡುವುದಿಲ್ಲ, ಏಪ್ರಿಲ್ ಮುಗಿಯುವವರೆಗೆ ಹಳೇ ಪ್ಯಾಡಕ್ಕುಗಳಿಗೂ ಯೂರಿಯಾ ಬೇಕು. ಮೇ ಬಳಿಕ ಯೂರಿಯಾಕ್ಕೆ ಕೈ ಬಿಗಿ ಹಿಡಿದೆವು. ಹೆಕ್ಟೇರಿಗೆ 210 ಕಿಲೋ ಇದ್ದ ಸಾರಜನಕ ಈಗ ಸರಾಸರಿ 120ರ ಸುತ್ತ, ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ 8 ಟನ್ ಯೂರಿಯಾ ಉಳಿತಾಯ. ಹಾಲು ಇಳಿದಿಲ್ಲ.

ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊಟ್ಟೆ ಉಬ್ಬರದ ಭಯ ನಿಜವಾದದ್ದೇ. ಹಸಿದ ಹಸುವನ್ನು ಕ್ಲೋವರ್ ದಟ್ಟವಾಗಿರುವಲ್ಲಿಗೆ ಬಿಡಬೇಡಿ, ತಂತಿ ಎಳೆದು 12 ಗಂಟೆಗಾಗುವಷ್ಟು ಮಾತ್ರ ಕೊಡಿ. ಕುಡಿಯುವ ನೀರಿಗೆ ಉಬ್ಬರದ ಎಣ್ಣೆಯನ್ನು ಎರಡು ಮೂರು ದಿನ ಮೊದಲೇ ಶುರು ಮಾಡಬೇಕು. ಮಳೆಯ ದಿನ ಹಸು ತೊಟ್ಟಿಯ ಕಡೆ ಹೋಗುವುದೇ ಇಲ್ಲ, ಎಣ್ಣೆ ಹೊಟ್ಟೆ ಸೇರುವುದಿಲ್ಲ. ನಮ್ಮ ಎರಡು ಹಸು ಹೋದದ್ದು ಅಂಥ ದಿನವೇ. ಈಗ ಮಳೆ ಇದ್ದರೆ ಗದ್ದೆಯನ್ನೇ ಬದಲಿಸುತ್ತೇವೆ.

ಪಕ್ಕದಲ್ಲಿ ಕೆಂಪು ಕ್ಲೋವರನ್ನೂ ನೋಡಿದೆವು, ಆದರೆ ಸೈಲೇಜಿಗೆ ಮಾತ್ರ. ಕೊಯ್ಲು ಚೆನ್ನಾಗಿ ಬಂತು, ಆದರೆ ಟ್ರ್ಯಾಕ್ಟರ್ ಚಕ್ರ ಬಿದ್ದಲ್ಲೆಲ್ಲ ಗಿಡದ ಬುಡ ಒಡೆದು ಬೋಳಾಯಿತು. ಮೇವಿಗೆಂದು ಬಿತ್ತಿದ ಚಿಕೋರಿ ಎರಡು ವರ್ಷಕ್ಕೇ ಮಾಯ.

ಅಕ್ಟೋಬರಿನಲ್ಲಿ ವಸಂತಕ್ಕೆ ಹುಲ್ಲು ಉಳಿಸಲು ಪ್ಯಾಡಕ್ಕುಗಳನ್ನು ಮೇಯಿಸದೆ ಮುಚ್ಚುವಾಗ ಕ್ಲೋವರ್ ಇರುವುದನ್ನು ಕೊನೆಗೆ ಇಡುತ್ತೇವೆ, ನವೆಂಬರಿನಲ್ಲಿ ಬುಡದವರೆಗೆ ಮೇಯಿಸುತ್ತೇವೆ. ಉದ್ದ ಹುಲ್ಲಿನಡಿ ಚಳಿಗಾಲ ಕಳೆದ ಹಂಬು ವಸಂತಕ್ಕೆ ಉಳಿಯುವುದಿಲ್ಲ. ಉಳಿದ ಕಾಲು ಪಾಲಿನಲ್ಲಿ ಡಾಕ್ ಹೆಚ್ಚು. ಅಲ್ಲಿಗೆ ಈ ವರ್ಷ ಔಷಧಿ ಹೊಡೆದು, ಸುಣ್ಣ ಹಾಕಿದ್ದೇವೆ. ಬೀಜ ಮುಂದಿನ ಏಪ್ರಿಲಿಗೆ.