ಅಂಗಡಿ ಕೆಲಸ ಹೋಯಿತೇ? ಡೆಲಿವರಿಗೆ ಇಳಿಯುವ ಮೊದಲು ಈ ಲೆಕ್ಕ ಚುಕ್ತಾ ಮಾಡಿ

ಗಿರಾಕಿ ಮೊಬೈಲಿನಲ್ಲೇ ಬಟ್ಟೆ, ಚಪ್ಪಲಿ ತರಿಸಿಕೊಳ್ಳತೊಡಗಿದರೆ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ಮೊದಲು ಕಡಿತವಾಗುವುದು ಕೌಂಟರಿನ ಜನ. ಅವರಲ್ಲಿ ಹಲವರು ಮರುವಾರವೇ ಡೆಲಿವರಿಗೆ ಸೇರುತ್ತಾರೆ. ಆ ಅವಸರದಲ್ಲಿ ಹಳೆ ಕೆಲಸದಿಂದ ಬರಬೇಕಾದ ದುಡ್ಡು ಕೈತಪ್ಪುತ್ತದೆ.

"ವ್ಯಾಪಾರ ಇಲ್ಲ ಮಾರಾಯ, ಒಂದು ರಾಜೀನಾಮೆ ಬರೆದುಕೊಡು" ಎಂದು ಧಣಿಗಳು ಕೇಳಿದರೆ ಸಹಿ ಹಾಕಬೇಡಿ. ಕೆಲಸದಿಂದ ತೆಗೆದಿದ್ದೇವೆ ಎಂಬ ಪತ್ರವನ್ನೇ ಕೇಳಿ. ವರ್ಷದಲ್ಲಿ 240 ದಿನ ದುಡಿದವರನ್ನು ತೆಗೆದರೆ ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜತೆಗೆ ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರವಾಗಿ ಸಿಗಬೇಕು. ತಾವಾಗಿ ಬಿಟ್ಟವರಿಗೆ ಇದು ಇಲ್ಲ. ಹತ್ತು ಅಥವಾ ಹೆಚ್ಚು ಜನರಿದ್ದ ಅಂಗಡಿಯಲ್ಲಿ 5 ವರ್ಷ ತುಂಬಿದವರಿಗೆ ಗ್ರಾಚ್ಯುಟಿ (ದುಡಿದ ವರ್ಷಗಳಿಗೆ ಕೊಡುವ ಇಡಿಗಂಟು) ಬೇರೆ: ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 13,000 ಇದ್ದು 6 ವರ್ಷ ದುಡಿದಿದ್ದರೆ, 13,000 × 15 ÷ 26 × 6 = 45,000 ರೂಪಾಯಿ.

ಪಿಎಫ್ (ಭವಿಷ್ಯ ನಿಧಿ) ಹಣ ತೆಗೆಯುವ ಅರ್ಜಿ ಹೆಚ್ಚಾಗಿ ಸಿಕ್ಕಿಬೀಳುವುದು ಒಂದೇ ಕಡೆ: ಕೆಲಸ ಬಿಟ್ಟ ದಿನಾಂಕವನ್ನು ಮಾಲಿಕರು ನಮೂದಿಸಿರುವುದಿಲ್ಲ. ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೆ ಅದನ್ನು ಪಿಎಫ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಕಾರ್ಡನ್ನು ಎಸೆಯಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಯ ಸೌಲಭ್ಯ ಮುಂದಿನ ಜನವರಿಯಿಂದ ಜೂನ್‌ವರೆಗೆ ಸಿಗುತ್ತದೆ. ಕೆಲಸ ಕಳೆದುಕೊಂಡವರಿಗೆ ಸರಾಸರಿ ದಿನಗಳಿಕೆಯ ಅರ್ಧದಷ್ಟು ಹಣ, ಗರಿಷ್ಠ 90 ದಿನ ಕೊಡುವ 'ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ'ಯೂ ಇದೆ. ಅದರ ಅವಧಿಯನ್ನು ಆಗಾಗ ವಿಸ್ತರಿಸುತ್ತಾರೆ, ಹಾಗಾಗಿ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಕೇಳಿಯೇ ಅರ್ಜಿ ಹಾಕಿ.

ಇನ್ನು ಡೆಲಿವರಿ. ಆ್ಯಪ್ ತೋರಿಸುವ 900 ರೂಪಾಯಿ ನಿಮ್ಮ ಗಳಿಕೆಯಲ್ಲ. ದಿನಕ್ಕೆ 100 ಕಿಲೋಮೀಟರ್ ಓಡಿಸುತ್ತೀರಿ, ಸ್ಕೂಟರ್ 40 ಮೈಲೇಜ್ ಕೊಡುತ್ತದೆ ಎನ್ನಿ. ಪೆಟ್ರೋಲ್ ಎರಡೂವರೆ ಲೀಟರ್. ಲೀಟರಿಗೆ 104ರಂತೆ 260. ಟೈರ್, ಆಯಿಲ್, ಬ್ರೇಕ್ ಶೂಗೆ ಕಿಲೋಮೀಟರಿಗೆ ಒಂದು ರೂಪಾಯಿ ತೆಗೆದಿಡಿ. ಉಳಿಯುವುದು 540, 26 ದಿನಕ್ಕೆ 14,040, ಪಿಎಫ್ ಇಲ್ಲದೆ. ಕದ್ರಿ ಗುಡ್ಡದಂಥ ಏರಿನಲ್ಲಿ ಮೈಲೇಜ್ ಇಳಿಯುತ್ತದೆ, ಮಳೆಗಾಲದಲ್ಲಿ ಬ್ರೇಕ್ ಬೇಗ ಸವೆಯುತ್ತದೆ. ಕಂತಿನಲ್ಲಿ ಹೊಸ ಗಾಡಿ ತೆಗೆಯುವ ಮುಂಚೆ ಒಂದು ತಿಂಗಳು ಹಳೆಯದರಲ್ಲೇ ಓಡಿಸಿ, ಖರ್ಚು ಬರೆದಿಡಿ.

ಅಸಂಘಟಿತ ಕಾರ್ಮಿಕರ ಸರ್ಕಾರಿ ಪೋರ್ಟಲ್ ಇ-ಶ್ರಮ್‌ನಲ್ಲಿ ಉಚಿತವಾಗಿ ನೋಂದಾಯಿಸಿ. ಕರ್ನಾಟಕದ 2025ರ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ದುಡಿಯುವವರ) ಕಾಯ್ದೆಯಂತೆ ನಿಮ್ಮನ್ನು ತೆಗೆಯಲು ಲಿಖಿತ ಕಾರಣ ಮತ್ತು 14 ದಿನದ ನೋಟಿಸ್ ಬೇಕು. ಅದನ್ನು ಕೇಳಲು ದುಡಿದ ಪುರಾವೆ ಬೇಕು, ಹಾಗಾಗಿ ದಿನದ ಪಾವತಿಯ ಸ್ಕ್ರೀನ್‌ಶಾಟ್‌ಗಳನ್ನು ಫೋನಿನ ಹೊರಗೂ ಒಂದು ಕಡೆ ಉಳಿಸಿಡಿ. ಐಡಿ ಬ್ಲಾಕ್ ಆದರೆ ಆ್ಯಪ್ ತೆರೆಯುವುದಿಲ್ಲ.