ಚಾಕ್ ಆರಿಸಿದ ಕಥೆ: ಅಂದು ನಕ್ಕವರು ಇಂದು ನನ್ನ ಡಬ್ಬಿಗೆ ಕೈ ಹಾಕುತ್ತಾರೆ

ಪೂಲ್ ಟೇಬಲ್ ಮೇಲೆ ನೈನ್ ಬಾಲ್ ಆಟ, 4–4 ಸಮ, ಕೊನೆಯ ಸುತ್ತಿನ ರ‍್ಯಾಕ್. 8 ಹಾಕಿ ಬಿಳಿ ಚೆಂಡನ್ನು ಎರಡು ಗೇಣು ಹಿಂದಕ್ಕೆ ಎಳೆದುಕೊಂಡರೆ ಸಾಕಿತ್ತು. 9 ಪಾಕೆಟ್ ಬಾಯಲ್ಲೇ ಕೂತಿತ್ತು. ಕೆಳಗೆ ಹೊಡೆದೆ. 'ಟಿಕ್' ಅಂತ ಆ ದರಿದ್ರ ಸದ್ದು ಬಂತು. ಬಿಳಿ ಚೆಂಡು ಒಂದು ಸಲ ಎಗರಿ, ಪಕ್ಕಕ್ಕೆ ಹೊರಳಿ, ಯಾರಿಗೂ ಬೇಡದ ಜಾಗದಲ್ಲಿ ಹೋಗಿ ನಿಂತಿತು. ಕ್ಯೂ ಕೋಲಿನ ತುದಿ ಚೆಂಡಿನ ಮೇಲೆ ಜಾರಿತ್ತು. ಆ ಸಂಜೆ ಅದು ನನ್ನ ಆರನೇ ಮಿಸ್‌ಕ್ಯೂ.

"ಚಾಕ್ ಸರಿಯಿಲ್ಲ" ಅಂದೆ. ಕ್ಯೂ ತುದಿಯ ಚರ್ಮದ ಟಿಪ್ ಚೆಂಡಿನ ಮೇಲೆ ಜಾರದಿರಲಿ ಅಂತ ಉಜ್ಜುವ ಪುಡಿಯ ಗಟ್ಟಿ ತುಂಡೇ ಚಾಕ್. ನಮ್ಮ ಜೊತೆ ಆಡುವ ಹಿರಿಯರೊಬ್ಬರು ಕ್ಯೂ ಒರೆಸುತ್ತಾ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಉರಿಯುತ್ತಿತ್ತು.

ಅದಾಗಿ ಎಂಟು ತಿಂಗಳಾಯಿತು. ಈಗ ಎರಡು ಸಂಜೆ ಆಡಿದರೆ ಒಂದು ಮಿಸ್‌ಕ್ಯೂ ಬಂದರೆ ಹೆಚ್ಚು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಇಷ್ಟು ಗೊತ್ತಾಗುವ ಹೊತ್ತಿಗೆ ಜೇಬು ಸಾಕಷ್ಟು ಹಗುರಾಗಿತ್ತು.

ಮೊದಲು ದುಡ್ಡಿನ ಮಾತು. ಹನ್ನೊಂದು ಬಗೆಯ ಚಾಕ್ ಕೊಂಡೆ. ಹನ್ನೆರಡೋ ಇರಬೇಕು, ಒಂದು ಕಳೆದುಹೋಯಿತು. ಅದಕ್ಕೆಲ್ಲ ಸುರಿದ ಹಣದಲ್ಲಿ ಕ್ಯೂಗೆ ಒಂದು ಒಳ್ಳೆಯ ಶಾಫ್ಟ್, ಅಂದರೆ ಮುಂಭಾಗದ ಕೋಲು, ಬರುತ್ತಿತ್ತು. ಅದರಲ್ಲಿ ಒಂದರ ಬೆಲೆಗೆ ಮಾಮೂಲಿ ಚಾಕ್ ಎರಡು ಡಜನ್ ಸಿಗುತ್ತಿತ್ತು. ಅದನ್ನು ತಂದ ಎರಡನೇ ದಿನವೇ ಕೈಜಾರಿ ನೆಲಕ್ಕೆ ಬಿತ್ತು. ಮೂರು ತುಂಡು. ಚಿಕ್ಕ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಟಿಪ್‌ಗೆ ಉಜ್ಜುತ್ತಾ ಒಂದು ತಿಂಗಳು ಕಳೆದೆ. ಬಿಸಾಡಲು ಮನಸ್ಸು ಬರಲಿಲ್ಲ, ಅಲ್ವಾ?

ಶುರುವಿನಲ್ಲಿ ನನ್ನ ತಲೆಯಲ್ಲಿದ್ದ ಲೆಕ್ಕ ಬಹಳ ಸರಳ. ಚಾಕ್ ಜಾಸ್ತಿ ಅಂಟಿದಷ್ಟೂ ಹಿಡಿತ ಜಾಸ್ತಿ. ಹಾಗಾಗಿ ಮೆತ್ತಗಿರುವ, ಅಂಟಂಟಾಗಿರುವ ಚಾಕ್‌ಗಳನ್ನೇ ಹುಡುಕಿ ಹುಡುಕಿ ಕೊಂಡೆ. ಒಂದು ಸಲ ಹಚ್ಚಿದರೆ ಐದಾರು ಹೊಡೆತ ಉಳಿಯುತ್ತಿತ್ತು. ಖುಷಿಯೋ ಖುಷಿ. ಎರಡು ವಾರ ಆದ ಮೇಲೆ ನೋಡಿದರೆ ಮಿಸ್‌ಕ್ಯೂ ಕಮ್ಮಿಯಾಗಿತ್ತು, ಆದರೆ ಪಾಟಿಂಗ್, ಅಂದರೆ ಚೆಂಡನ್ನು ಪಾಕೆಟ್‌ಗೆ ಹಾಕುವುದು, ಕೆಟ್ಟಿತ್ತು. ಕಣ್ಣು ಮುಚ್ಚಿ ಹಾಕುತ್ತಿದ್ದ ಓರೆ ಹೊಡೆತದ ಕಟ್‌ಗಳು ದಪ್ಪ ಬಿದ್ದು, ಅಂದರೆ ಚೆಂಡು ಬೇಕಾದಷ್ಟು ಓರೆಗೆ ಹೋಗದೆ, ಪಾಕೆಟ್‌ನ ದವಡೆಗೆ ಹೊಡೆದು ವಾಪಸ್ ಬರುತ್ತಿದ್ದವು. ನಿಲುವು ಬದಲಾಯಿಸಿದೆ, ಕ್ಯೂಗೆ ಆಸರೆಯಾಗಿ ಕೈ ಇಡುವ ಬ್ರಿಡ್ಜ್ ಬದಲಾಯಿಸಿದೆ, ಕಣ್ಣು ಪರೀಕ್ಷೆಯನ್ನೂ ಮಾಡಿಸಿಕೊಂಡೆ. ಚಾಕ್ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅದಕ್ಕೆ ಅಷ್ಟು ದುಡ್ಡು ಕೊಟ್ಟಿದ್ದೆನಲ್ಲ!

ಆಮೇಲೆ ಪಟ್ಟೆ ಚೆಂಡಿನ ಪರೀಕ್ಷೆಗೆ ಇಳಿದೆ. ಬಿಳಿ ಚೆಂಡಿನ ಬದಲು ಒಂದು ಪಟ್ಟೆ ಚೆಂಡು ಇಟ್ಟು, ಪಟ್ಟೆ ಅಡ್ಡಡ್ಡಲಾಗಿ ಬರುವ ಹಾಗೆ ತಿರುಗಿಸಿಕೊಳ್ಳಿ. ಆ ಪಟ್ಟೆಯ ಕೆಳ ಅಂಚು ಹೆಚ್ಚುಕಮ್ಮಿ ಮಿಸ್‌ಕ್ಯೂ ಗಡಿ. ನಡುವಿನಿಂದ ತ್ರಿಜ್ಯದ ಅರ್ಧ, ಅಂದರೆ ಪೂಲ್ ಚೆಂಡಿನಲ್ಲಿ ಸುಮಾರು 14 ಮಿಲಿಮೀಟರ್. ಅದರಾಚೆ ಹೋದರೆ ಯಾವ ಚಾಕ್ ಕೂಡ ಕಾಪಾಡುವುದಿಲ್ಲ. ಅಂಚಿನ ಒಳಗೆ, ಅದಕ್ಕೆ ತಾಗಿದ ಹಾಗೆ, ಒಂದೊಂದು ಚಾಕ್‌ನಲ್ಲಿ 50 ಹೊಡೆತ. ಪ್ರತಿ ಹೊಡೆತ ಆದ ಮೇಲೆ ಚೆಂಡು ಎತ್ತಿ ನೋಡುವುದು, ಗುರುತು ಎಷ್ಟಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯುವುದು, ಒರೆಸುವುದು. ಪಕ್ಕದ ಟೇಬಲ್‌ನವರು "ಇವನಿಗೆ ಏನೋ ಆಗಿದೆ" ಅಂದುಕೊಂಡರು.

ಮೊದಲ ಮೂರು ವಾರದ ಲೆಕ್ಕ ಪೂರ್ತಿ ದಂಡ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಒಂದು ತಪ್ಪು, ಚಾಕ್ ಬದಲಿಸುವಾಗ ಟಿಪ್ ಒರೆಸಿರಲಿಲ್ಲ. ಹಿಂದಿನ ಚಾಕ್ ಮೇಲೇ ಹೊಸದನ್ನು ಬಳಿದಿದ್ದೆ. ಹೊಸದಕ್ಕೆ ಸಿಕ್ಕ ಅಂಕ ಅರ್ಧ ಹಳೆಯದರದ್ದು. ಎರಡನೆಯ ತಪ್ಪು ಇನ್ನೂ ದೊಡ್ಡದು. ನಾಲ್ಕು ಚಾಕ್‌ಗಳನ್ನು 'ಕೆಲಸಕ್ಕೆ ಬಾರದ್ದು' ಅಂತ ಗೀಟು ಹೊಡೆದು ಪಕ್ಕಕ್ಕೆ ಇಟ್ಟಿದ್ದೆನಲ್ಲ, ಒಂದು ದಿನ ಟಿಪ್ ಅನ್ನು ಬೆಳಕಿಗೆ ಹಿಡಿದೆ. ಅದು ಬೂಟಿನ ಹಾಗೆ ಮಿರಮಿರ ಮಿನುಗುತ್ತಿತ್ತು! ಹೊಡೆದು ಹೊಡೆದು ಚರ್ಮ ಗಟ್ಟಿಯಾಗಿ, ನುಣುಪಾಗಿ ಹೋಗಿತ್ತು. ಅದರ ಮೇಲೆ ಚಾಕ್ ಕೂರುವುದೆಲ್ಲಿಂದ? ಟಿಪ್ ಕೆರೆದು, ದುಂಡು ಸರಿಮಾಡಿ, ಅದೇ ನಾಲ್ಕನ್ನು ಮತ್ತೆ ಹಚ್ಚಿದೆ. ಮೊದಲು 50ಕ್ಕೆ ಹತ್ತು ಹನ್ನೆರಡು ಸಲ ಜಾರುತ್ತಿದ್ದವು ಈಗ ಒಂದೋ ಎರಡೋ ಸಲ ಜಾರಿದವು.

ಹಿರಿಯರ ನೆಲ ಡೊಂಕಿನ ಮಾತು ಆಗ ನೆನಪಾಯಿತು. ಅವರಿಗೆ ಹೇಳಲಿಲ್ಲ.

ಟಿಪ್ ಸರಿಯಾದ ಮೇಲೆ ಇನ್ನೊಂದು ವಿಷಯ ಕಂಡಿತು. ಪ್ರತಿ ಹೊಡೆತಕ್ಕೂ ಹಚ್ಚಿಕೊಂಡರೆ ಹಿಡಿತದಲ್ಲಿ ಎಲ್ಲಾ ಚಾಕ್‌ಗಳೂ ಹೆಚ್ಚುಕಮ್ಮಿ ಅಣ್ಣತಮ್ಮಂದಿರು. ದುಬಾರಿಯದ್ದು 50ಕ್ಕೆ ಒಂದು ಜಾರಿತು, ಮಾಮೂಲಿಯದ್ದು ಎರಡು. ಆ ಒಂದು ನನ್ನ ಕೈಯ ತಪ್ಪೂ ಇರಬಹುದು. ನಿಜವಾದ ವ್ಯತ್ಯಾಸ ಇದ್ದದ್ದು ಚೆಂಡಿನ ಮೇಲೆ. ಕೆಲವು ಚಾಕ್ ಬಿಟ್ಟುಹೋಗುವ ಗುರುತು ಸಾಸಿವೆ ಕಾಳಿನಷ್ಟು, ಬೆರಳು ತಾಗಿಸಿದರೆ ಹೋಗುತ್ತದೆ. ನಾನು ಮೆಚ್ಚಿಕೊಂಡಿದ್ದ ಆ ಅಂಟಂಟು ಚಾಕ್‌ನದು ನೀಲಿ ಬೊಟ್ಟು. ಚೆಂಡು ಇಡೀ ಟೇಬಲ್ ಸುತ್ತಿ ಬಂದರೂ ಅಳಿಸದು.

ಆ ಬೊಟ್ಟು ಏನು ಮಾಡುತ್ತದೆ ಅಂತ ನೋಡಲು ಇನ್ನೊಂದು ಪ್ರಯೋಗ ಮಾಡಿದೆ. ಅರ್ಧ ಚೆಂಡಿನ ಕಟ್, ಎರಡು ಚೆಂಡಿನ ನಡುವೆ ಒಂದು ಗೇಣು ಅಷ್ಟೇ. ಮೆಲ್ಲಗೆ, ಸ್ಟನ್ ಹೊಡೆತ, ಅಂದರೆ ಬಿಳಿ ಚೆಂಡು ಜಾಸ್ತಿ ಉರುಳಬಾರದು. ಎದುರಿನ ಚೆಂಡಿಗೆ ತಾಗುವ ಜಾಗದಲ್ಲೇ ಬಿಳಿ ಚೆಂಡಿಗೆ ಬೆರಳಿಂದ ಚಾಕ್ ಒತ್ತಿ ಇಟ್ಟೆ. 20 ಹೊಡೆತದಲ್ಲಿ ಏಳೆಂಟು ದಪ್ಪ ಬಿದ್ದವು. ಚೆಂಡು ಒರೆಸಿ ಹೊಡೆದರೆ 20ಕ್ಕೆ ಒಂದು ತಪ್ಪಿತು. ಸ್ನೂಕರ್‌ನವರು ಕಿಕ್ ಅಂತ ಬೈಯುವುದು ಇದನ್ನೇ. ಚಾಕ್ ಪುಡಿ ನಡುವೆ ಸಿಕ್ಕಿದಾಗ ಎರಡು ಚೆಂಡುಗಳು ಜಾರಿಕೊಳ್ಳುವ ಬದಲು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಎದುರಿನದು ದಾರಿ ಬಿಟ್ಟು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಫಿನ್ಲೆಂಡಿನ ತಾವೋಮ್ ಚಾಕ್ ಸ್ನೂಕರ್ ಆಟಗಾರರ ನಡುವೆ ಹೆಸರು ಮಾಡಿದ್ದೂ ಕಿಕ್ ಕಮ್ಮಿ ಅನ್ನುವ ಕಾರಣಕ್ಕೇ. ನನ್ನ ಕಣ್ಣು ಪರೀಕ್ಷೆಯ ಖರ್ಚು ಸುಮ್ನೆ ಹೋಯಿತು ಅಂತ ಅವತ್ತು ಗೊತ್ತಾಯಿತು.

ಅಲ್ಲಿಂದ ನನ್ನ ಆಯ್ಕೆಯ ನಿಯಮವೇ ತಲೆಕೆಳಗಾಯಿತು. ಎಷ್ಟು ಹಿಡಿಯುತ್ತದೆ ಅಂತ ನೋಡುವುದು ಬಿಟ್ಟೆ. ಏನು ಬಿಟ್ಟುಹೋಗುತ್ತದೆ ಅಂತ ನೋಡತೊಡಗಿದೆ. ಸಣ್ಣ ಗುರುತು, ಬೇಗ ಅಳಿಸಬೇಕು, ಟೇಬಲ್ ಬಟ್ಟೆಯ ಮೇಲೆ ಪುಡಿ ಉದುರಬಾರದು. ಒಂದೇ ಹಚ್ಚುವಿಕೆಗೆ ಐದಾರು ಹೊಡೆತ ಬರದಿದ್ದರೂ ಚಿಂತೆಯಿಲ್ಲ, ಎರಡು ಬಂದರೆ ಸಾಕು. ಪ್ರತಿ ಹೊಡೆತಕ್ಕೂ ಹಚ್ಚಲು ಕೈ ಇದೆಯಲ್ಲ. ಇದನ್ನು ಹೇಳಿದಾಗಲೂ ನಕ್ಕರು. "ಬೇಗ ಉದುರಿಹೋಗುವ ಚಾಕ್ ಬೇಕು ಅನ್ನುವವನನ್ನು ಈಗಲೇ ನೋಡಿದ್ದು" ಅಂದರು. ಬೇಗ ಉದುರಬೇಕು ಅಂತ ನಾನು ಹೇಳಿರಲೇ ಇಲ್ಲ. ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಬರೇ ಪುಡಿಗೆ ಇಷ್ಟು ದುಡ್ಡು ಯಾಕೆ, ಮನೆಯಲ್ಲೇ ಮಾಡೋಣ ಅನಿಸಿತು. ಬೋರ್ಡಿನ ಸೀಮೆಸುಣ್ಣ ಪುಡಿ ಮಾಡಿ, ಅಂಟು ಬೆರೆಸಿ, ಅಚ್ಚಿಗೆ ಹಾಕಿ ಒಣಗಿಸಿದೆ. ನೋಡಲು ಚೆನ್ನಾಗಿಯೇ ಇತ್ತು. 20 ಹೊಡೆತಕ್ಕೆ ಒಂಬತ್ತು ಜಾರಿದವು. ಆಮೇಲೆ ಓದಿದರೆ, ನಾವು ಚಾಕ್ ಅನ್ನುವುದು ಹೆಚ್ಚಾಗಿ ಸುಣ್ಣದ್ದಲ್ಲ. 1897ರಲ್ಲಿ ಅಮೆರಿಕದಲ್ಲಿ ವಿಲಿಯಂ ಸ್ಪಿಂಕ್ಸ್ ಅನ್ನುವ ಬಿಲಿಯರ್ಡ್ಸ್ ಆಟಗಾರ, ವಿಲಿಯಂ ಹಾಸ್ಕಿನ್ಸ್ ಅನ್ನುವ ರಸಾಯನ ತಜ್ಞ ಸೇರಿ ಪೇಟೆಂಟ್ ಪಡೆದ ಮೇಲೆ ಅದು ಸಿಲಿಕಾ ಮತ್ತು ಕುರುಂದದಂಥ ಗರಗರ ಪುಡಿಯ ಆಟ. ಉಪ್ಪುಕಾಗದದಲ್ಲಿ ಇರುವಂಥ ಸಾಮಾನು. ಅದಕ್ಕೂ ಮುಂಚೆ ಆಟಗಾರರು ಸೀಮೆಸುಣ್ಣವನ್ನೇ ಉಜ್ಜಿಕೊಳ್ಳುತ್ತಿದ್ದರು. ಅಂದರೆ ನಾನು ಪಾಪ ಅವರ ಕಾಲಕ್ಕೆ ವಾಪಸ್ ಹೋಗಿದ್ದೆ. ಸಿಲಿಕಾ ಪುಡಿ ತಂದು ಮತ್ತೆ ಮಾಡೋಣ ಅಂದುಕೊಂಡೆ, ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಅಂತ ಗೊತ್ತಾಗಿ ಕೈಬಿಟ್ಟೆ. ನೀವೂ ಅತ್ತ ಹೋಗಬೇಡಿ.

ಬಣ್ಣದ ವಿಷಯದಲ್ಲೂ ಪೆಟ್ಟು ತಿಂದೆ. ಟೇಬಲ್ ಬಟ್ಟೆ ತಿಳಿ ನೀಲಿ, ನಾನು ತಂದದ್ದು ಗಾಢ ಬಣ್ಣದ್ದು. ಅದರ ಗುರುತು ಚೆಂಡಿನ ಮೇಲೆ ಚಿಕ್ಕದೇ ಇತ್ತು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಕೊಟ್ಟಿದ್ದೆ. ಎರಡು ಗಂಟೆ ಆಡುವ ಹೊತ್ತಿಗೆ ಬ್ರಿಡ್ಜ್ ಕೈ ಇಟ್ಟಲ್ಲೆಲ್ಲ ಬಟ್ಟೆಯ ಮೇಲೆ ಕಪ್ಪು ನೆರಳು. ಟೇಬಲ್ ನೋಡಿಕೊಳ್ಳುವವರು ಬಂದು ನೋಡಿ ಏನೂ ಹೇಳಲಿಲ್ಲ, ಬ್ರಷ್ ತಂದು ನನ್ನ ಕೈಗೆ ಕೊಟ್ಟರು. ಅದು ಬೈದದ್ದಕ್ಕಿಂತ ಕೆಟ್ಟದಾಗಿತ್ತು. ಬಟ್ಟೆ ತೊಳೆಸುವ ಖರ್ಚೂ ನನ್ನ ತಲೆಗೇ ಬಂತು. ಈಗ ಬಟ್ಟೆಗೆ ಹೊಂದುವ ಬಣ್ಣ ಬಿಟ್ಟರೆ ಬೇರೆ ತೆಗೆದುಕೊಳ್ಳುವುದಿಲ್ಲ.

ತೇವದ ದಿನಗಳಲ್ಲಿ ಒಳ್ಳೆಯ ಚಾಕ್ ಕೂಡ ಮುದ್ದೆ ಮುದ್ದೆಯಾಗಿ ಕೂರುತ್ತದೆ, ಇದನ್ನು ಎಲ್ಲರೂ ನೋಡಿರುತ್ತೀರಿ. ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಚೀಟಿಗಳನ್ನು ಎರಡು ಮೂರು ಹಾಕಿ ಒಂದು ಮುಚ್ಚಳದ ಡಬ್ಬಿಯಲ್ಲಿ ಇಟ್ಟೆ. ಕೆಲಸ ಮಾಡಿತು. ಅತಿಯಾಸೆಯಿಂದ ಎಂಟು ಹತ್ತು ಹಾಕಿದೆ. ಒಂದು ವಾರಕ್ಕೆ ಚಾಕ್‌ನ ಅಂಚು ಉದುರತೊಡಗಿತು. ಎರಡೇ ಸಾಕು. ಫ್ರಿಜ್‌ನಲ್ಲೂ ಇಟ್ಟು ನೋಡಿದೆ. ಹೊರಗೆ ತೆಗೆದ ಕೂಡಲೇ ಬೆವರಿ ಹಾಳಾಯಿತು. ಪ್ಯಾಂಟಿನ ಜೇಬಲ್ಲಿ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ, ಬೆವರು ಕುಡಿಯುತ್ತದೆ, ಜೇಬು ಬೇರೆ ನೀಲಿಯಾಗುತ್ತದೆ.

ಹಚ್ಚುವ ರೀತಿ ಚಾಕ್‌ನಷ್ಟೇ ಮುಖ್ಯ. ನಮ್ಮಲ್ಲಿ ಬಹಳ ಜನ ಚಾಕ್ ಅನ್ನು ಟಿಪ್ ಮೇಲೆ ಇಟ್ಟು ಗಿರಗಿರ ತಿರುಗಿಸುತ್ತಾರೆ. ನಡುವೆ ಗುಂಡಿ ಬೀಳುತ್ತದೆ. ಆ ಗುಂಡಿಯೊಳಗೆ ಟಿಪ್ ಕೆಳಗಿನ ಪಟ್ಟಿ, ಅಂದರೆ ಫೆರೂಲ್, ಹೋಗಿ ನೀಲಿ ಬಳೆ ತೊಟ್ಟುಕೊಳ್ಳುತ್ತದೆ, ಟಿಪ್‌ನ ನೆತ್ತಿಗೆ ರಾಶಿ ಬೀಳುತ್ತದೆ, ಅಂಚಿಗೆ ಬೀಳುವುದು ಅಷ್ಟಕ್ಕಷ್ಟೆ. ಬಿಳಿ ಚೆಂಡನ್ನು ಹಿಂದಕ್ಕೆ ತರುವ ಎಳೆತಕ್ಕಾಗಲಿ, ಪಕ್ಕಕ್ಕೆ ತಿರುವು ಕೊಡುವ ಸೈಡ್‌ಗಾಗಲಿ ಚೆಂಡಿಗೆ ತಾಗುವುದು ಟಿಪ್‌ನ ಅಂಚಿನ ಕಡೆಯೇ. ನಾನು ಚಾಕ್ ಅನ್ನು ಓರೆಯಾಗಿ ಹಿಡಿದು, ಉಗುರಿಗೆ ಬಣ್ಣ ಬಳಿಯುವ ಹಾಗೆ ಒಂದೇ ದಿಕ್ಕಿಗೆ ಎಳೆಯುತ್ತೇನೆ. ಕ್ಯೂ ಸ್ವಲ್ಪ ತಿರುಗಿಸಿ ಮತ್ತೆ ಎಳೆತ. ನಾಲ್ಕೈದು ಎಳೆತ, ಬೆಳಕಿಗೆ ಹಿಡಿದು ಚರ್ಮ ಎಲ್ಲಾದರೂ ಇಣುಕುತ್ತಿದೆಯಾ ಅಂತ ಒಂದು ನೋಟ. ಮೂರು ಸೆಕೆಂಡಿನ ಕೆಲಸ. ಕೊನೆಯಲ್ಲಿ ಒಂದು ಚಿಕ್ಕ ಕೆಲಸ ಮಾಡುತ್ತೇನೆ, ಹೆಚ್ಚಿನ ಪುಡಿ ಉದುರಲಿ ಅಂತ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಟಿಪ್ ಕೆರೆಯಲು ಯಾವುದನ್ನು ಬಳಸುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ, ಅದನ್ನು ಕಂಡುಕೊಳ್ಳಲು ಎರಡು ಒಳ್ಳೆಯ ಟಿಪ್ ಬಲಿ ಕೊಟ್ಟಿದ್ದೇನೆ.

ಕೊನೆಗೆ ಆರಿಸಿದ ಚಾಕ್ ನಡುವಣ ಬೆಲೆಯದು. ಗಟ್ಟಿ, ನಯವಾದ ಕಣ, ಹಚ್ಚುವಾಗ ಸದ್ದಿಲ್ಲ. ಹೆಸರು ಕೇಳಬೇಡಿ. ಹೇಳಿದರೆ ನಾಳೆ ನನಗೇ ಸಿಗುವುದಿಲ್ಲ. ನನ್ನ ಟಿಪ್ ನಡುವಣ ಗಟ್ಟಿ, 12.5 ಮಿಲಿಮೀಟರ್ ಇರಬೇಕು. ನಿಮ್ಮದು ಬೇರೆಯಾದರೆ ನಿಮಗೆ ಬೇರೆಯೇ ಹಿಡಿಸಬಹುದು. ಒಂದು ತುಂಡು ವಾರಕ್ಕೆ ನಾಲ್ಕು ಸಂಜೆ ಆಡಿದರೆ ಸುಮಾರು ಎರಡೂವರೆ ತಿಂಗಳು ಬರುತ್ತದೆ. ಆ ಮುರಿದ ದುಬಾರಿಯದಕ್ಕೆ ಹೋಲಿಸಿದರೆ ಖರ್ಚು ಐದರಲ್ಲಿ ಒಂದು ಪಾಲೂ ಇಲ್ಲ.

ಇಷ್ಟಾದರೂ ನಂಬದವರಿಗೆ ಒಂದು ಸಂಜೆ ಆಟ ಕಟ್ಟಿದೆ. ಮೂರು ಬಗೆಯ ನೀಲಿ ಚಾಕ್, ಸುತ್ತಿದ ಕಾಗದ ಕಿತ್ತು, ತಳದಲ್ಲಿ ಪೆನ್ಸಿಲ್‌ನಿಂದ 1, 2, 3 ಅಂತ ಬರೆದಿಟ್ಟೆ. ನಾಲ್ಕು ಜನ, ತಲಾ ಹತ್ತು ಎಳೆತದ ಹೊಡೆತ. ದುಬಾರಿ ಚಾಕ್ ಬಿಟ್ಟು ಬೇರೆ ಮುಟ್ಟುವುದೇ ಇಲ್ಲ ಅನ್ನುತ್ತಿದ್ದ ಗೆಳೆಯ 2ನೇದನ್ನು ಹಿಡಿದು, "ಇದೇ ಗುರೂ, ಹಿಡಿತ ನೋಡು, ಕಣ್ಣು ಕಟ್ಟಿದ್ರೂ ಹೇಳ್ತೀನಿ" ಅಂದ. ಅದು ಟೇಬಲ್ ಜೊತೆ ಪುಕ್ಕಟೆ ಸಿಗುವ ಚಾಕ್. ಯಾರಿಗೂ ಮೂರನ್ನೂ ಸರಿಯಾಗಿ ಹೇಳಲಾಗಲಿಲ್ಲ. ಆಮೇಲೆ ಮೂರು ಚೆಂಡು ಸಾಲಾಗಿ ಇಟ್ಟು ಗುರುತು ತೋರಿಸಿದೆ. ಅಲ್ಲಿ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಈಗ ಸ್ನೂಕರ್ ಕ್ಯೂನ ಸಣ್ಣ ಟಿಪ್‌ಗೆ ಇದೇ ಪರೀಕ್ಷೆ ಶುರು ಮಾಡಿದ್ದೇನೆ. 50 ಹೊಡೆತದ ಲೆಕ್ಕ ಎರಡು ಚಾಕ್‌ಗೆ ಮುಗಿದಿದೆ, ಅಂಕ ನೋಡಿದರೆ ಪೂಲ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದದ್ದು ಅಲ್ಲಿ ಮುಂದೆ ಬರುವ ಹಾಗಿದೆ.

ಮೊನ್ನೆ ಆ ಹಿರಿಯರು ಆಟದ ನಡುವೆ ನನ್ನ ಡಬ್ಬಿಗೆ ಕೈ ಹಾಕಿ ಚಾಕ್ ತೆಗೆದುಕೊಂಡರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಿರಗಿರ ತಿರುಗಿಸಿ ಹಚ್ಚಿಕೊಂಡು, ಒಳ್ಳೆಯ ಎಳೆತವೊಂದನ್ನು ಹೊಡೆದು, ಚಾಕ್ ಅನ್ನು ಕುಶನ್ ಮೇಲೆ ಕವುಚಿ ಇಟ್ಟರು. ಅವರು ಮುಂದಿನ ಹೊಡೆತಕ್ಕೆ ಬಾಗಿದಾಗ ನಾನು ಮೆಲ್ಲಗೆ ಹೋಗಿ ಅದನ್ನು ತಿರುಗಿಸಿ ಇಟ್ಟೆ, ಅಲ್ಲಿ ಉದುರಿದ್ದ ಪುಡಿಯನ್ನು ಒರೆಸಿದೆ.