ಐಸ್ ಮೇಲೆ ಜಾರಿ ಬಿದ್ದರೆ: ಒಂಟಾರಿಯೊಗೆ ಹೊಸದಾಗಿ ಬಂದ ಕುಟುಂಬಗಳಿಗೆ

ದಾವೆ ಹೂಡಲು ಎರಡು ವರ್ಷ ಕಾಲಾವಕಾಶ ಇದೆಯಲ್ಲ ಎಂದು ಸುಮ್ಮನಿರಬೇಡಿ. ಬಿದ್ದದ್ದು ಸಿಟಿಯ ಸೈಡ್‌ವಾಕ್ ಮೇಲಾದರೆ 10 ದಿನದೊಳಗೆ ಸಿಟಿ ಕ್ಲರ್ಕ್‌ಗೆ (ನಗರಾಡಳಿತದ ಅಧಿಕೃತ ದಾಖಲೆಗಳನ್ನು ನೋಡಿಕೊಳ್ಳುವ ಅಧಿಕಾರಿ) ಲಿಖಿತ ನೋಟಿಸ್ ತಲುಪಬೇಕು. ಅಂಗಡಿ, ಅಪಾರ್ಟ್‌ಮೆಂಟ್, ಯಾರದೋ ಮನೆಯಂಥ ಖಾಸಗಿ ಜಾಗವಾದರೆ ಆ ಜಾಗದ ಹೊಣೆ ಹೊತ್ತವರಿಗೆ 60 ದಿನದೊಳಗೆ. ಈ 60 ದಿನದ ನಿಯಮ 2021ರ ಜನವರಿ 29ರಿಂದ ಜಾರಿಯಲ್ಲಿದೆ. ಬಿದ್ದ ತಾರೀಖು, ಸಮಯ, ಜಾಗ ಬರೆದು ಕೈಯಾರೆ ಕೊಡಿ, ಇಲ್ಲವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ತಡವಾದದ್ದಕ್ಕೆ ಒಪ್ಪುವಂಥ ಕಾರಣವಿದ್ದರೆ ಕೋರ್ಟ್ ಮನ್ನಿಸಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಸೈಡ್‌ವಾಕ್ ಕೇಸು ಮೊದಲೇ ಕಷ್ಟದ್ದು: ಸಿಟಿಯವರದು ಬರೀ ಅಲಕ್ಷ್ಯವಲ್ಲ, ಘೋರ ನಿರ್ಲಕ್ಷ್ಯ ಎಂದು ತೋರಿಸಬೇಕು.

ಮೊದಲು ಚಿಕಿತ್ಸೆ. ಜೊತೆಗಿದ್ದವರು ಆಗಲೇ ಫೋಟೊ ತೆಗೆಯಲಿ. ಬೆಳಗಿನ ಐಸ್ ಮಧ್ಯಾಹ್ನಕ್ಕೆ ಕರಗಿರುತ್ತದೆ, ಇಲ್ಲವೇ ಯಾರೋ ಉಪ್ಪು ಎರಚಿರುತ್ತಾರೆ. ಬ್ಲ್ಯಾಕ್ ಐಸ್, ಅಂದರೆ ಕಣ್ಣಿಗೆ ಬೀಳದಂಥ ತೆಳು ಪಾರದರ್ಶಕ ಐಸ್, ಮೇಲಿಂದ ಫೋಟೊ ತೆಗೆದರೆ ಒದ್ದೆ ನೆಲದಂತೆ ಕಾಣುತ್ತದೆ. ಬಗ್ಗಿ, ಬೆಳಕು ಹೊಳೆಯುವ ಓರೆಯಿಂದ ತೆಗೆಯಿರಿ. ಅಂದು ಹಾಕಿದ್ದ ಬೂಟುಗಳನ್ನು ಮತ್ತೆ ಹಾಕಿಕೊಳ್ಳದೆ ಎತ್ತಿಡಿ. ಅಡಿಭಾಗ ಸವೆದಿತ್ತು ಎಂಬ ವಾದ ಬಂದೇ ಬರುತ್ತದೆ, ನಿಮ್ಮದೂ ಪಾಲಿದೆ ಎಂದಾದರೆ ಪರಿಹಾರ ಅಷ್ಟು ಕಡಿತವಾಗುತ್ತದೆ.

ಬೇಸ್‌ಮೆಂಟ್‌ನಲ್ಲಿ ಬಾಡಿಗೆಗಿರುವವರು ಗಮನಿಸಿ. ಸ್ನೋ ನೀವೇ ತೆಗೆಯಬೇಕು ಎಂದು ಬಾಡಿಗೆ ಕರಾರಿನಲ್ಲಿ ಒಂದು ಸಾಲು ಸೇರಿಸಿದ ಮಾತ್ರಕ್ಕೆ ಮಾಲೀಕರ ಹೊಣೆ ಕಳಚುವುದಿಲ್ಲ. ಬಾಡಿಗೆಯಿಂದ ಬೇರೆಯಾಗಿ ನಿಲ್ಲುವ ಒಪ್ಪಂದ ಬೇಕೆಂದು ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯ 2009ರಲ್ಲೇ ಹೇಳಿದೆ.

ಸ್ವಂತ ಮನೆ ಕೊಂಡವರಿಗೆ: ಮುಂದಿನ ಸೈಡ್‌ವಾಕ್ ಗುಡಿಸದಿದ್ದರೆ ನಿಮ್ಮೂರಿನ ಬೈಲಾ ಪ್ರಕಾರ ದಂಡ ಬೀಳಬಹುದು, ಅಷ್ಟಕ್ಕೇ ಬಿದ್ದವರ ಗಾಯ ನಿಮ್ಮ ತಲೆಗೆ ಬರುವುದಿಲ್ಲ. ಆದರೆ ನಿಮ್ಮ ಸೂರಿನ ನೀರಿನ ಪೈಪು ಸೈಡ್‌ವಾಕ್ ಕಡೆ ಬಾಯಿ ಮಾಡಿ, ಆ ನೀರು ಹರಿದು ಹೆಪ್ಪುಗಟ್ಟಿದರೆ ಮಾತು ಬೇರೆ. ಚಳಿಗೆ ಮೊದಲೇ ಅದನ್ನು ಅಂಗಳದ ಕಡೆ ತಿರುಗಿಸಿ.

ನಿಮ್ಮ ಡ್ರೈವ್‌ವೇಯಲ್ಲಿ ಯಾರಾದರೂ ಬಿದ್ದರೆ ಓಡಿ ಹೋಗಿ ನೋಡಿಕೊಳ್ಳಿ, ಸಾರಿ ಅನ್ನಲು ಹಿಂಜರಿಯಬೇಡಿ. ಒಂಟಾರಿಯೊದ 2009ರ ಕ್ಷಮೆಯಾಚನೆ ಕಾಯ್ದೆಯ ಪ್ರಕಾರ ಅದು ತಪ್ಪೊಪ್ಪಿಗೆ ಆಗುವುದಿಲ್ಲ. ಖರ್ಚು ನಾವೇ ಕೊಡುತ್ತೇವೆ ಎಂದು ಮಾತ್ರ ಮಾತು ಕೊಡಬೇಡಿ. ಅಂದೇ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ.

ಊರಿಂದ ಬಂದ ಅಪ್ಪ-ಅಮ್ಮ ವಿಸಿಟರ್ ವೀಸಾದಲ್ಲಿದ್ದರೂ ಪರಿಹಾರ ಕೇಳುವ ಹಕ್ಕು ಅವರಿಗೂ ಇದೆ. ಓಹಿಪ್ (ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ) ಇಲ್ಲದ ಅವರ ಆಸ್ಪತ್ರೆ ಬಿಲ್ಲುಗಳೆಲ್ಲ ಜೋಪಾನವಾಗಿರಲಿ. ಅವರು ವಿಮಾನ ಹತ್ತಿದ ಮೇಲೂ ಆ 10 ಮತ್ತು 60 ದಿನಗಳ ಲೆಕ್ಕ ನಿಲ್ಲುವುದಿಲ್ಲ, ಆದ್ದರಿಂದ ನೋಟಿಸ್ ಕೊಟ್ಟೇ ಕಳುಹಿಸಿ.